ಅಸಲು ಯಾವುದು, ನಕಲು ಯಾವುದು?

ನಮ್ಮ ಪುಣೆಯ ನಾನಾ ಪೇಠೆಯಲ್ಲಿ ವಾಹನಗಳ ಬಿಡಿಭಾಗಗಳ ಅಂಗಡಿಗಳು ಸಾಲುಗಟ್ಟಿ ನಿಂತಿವೆ. ಸ್ಕೂಟರಿಗೋ ರಿಕ್ಷಾಕ್ಕೋ ಪಿಸ್ಟನ್ ಬೇಕೆಂದು ಹೋದರೆ ಅಂಗಡಿಯವನು ಮೊದಲು ಕೇಳುವುದು, "ಲೋಕಲ್ ಚಾಲೇಲ್ ಕಾ?" ಎಂದು. ನಾವು ಬೆಲೆ ಕೇಳಿ ಉತ್ತರಿಸುತ್ತೇವೆ. ಆದರೆ ಆ ಪ್ರಶ್ನೆ ಬೆಲೆಯದಷ್ಟೇ ಅಲ್ಲ, ಸತ್ಯಾಸತ್ಯದ್ದೂ ಹೌದು.

ಪಿಸ್ಟನ್ ನೋಡಲು ಬೋರಲು ಹಾಕಿದ ಲೋಟದಂತಿರುತ್ತದೆ. ಆದರೆ ಅದು ಪೂರಾ ದುಂಡಗಿರುವುದಿಲ್ಲ. ಪಿನ್ನು ಕೂಡುವ ಕಡೆ ಲೋಹ ದಪ್ಪ; ಕಾದಾಗ ಅಲ್ಲಿ ಹೆಚ್ಚು ಹಿಗ್ಗುತ್ತದೆ. ಆದ್ದರಿಂದ ಆ ದಿಕ್ಕಿನಲ್ಲಿ ಅದನ್ನು ಕೂದಲೆಳೆಯಷ್ಟು ಕಿರಿದಾಗಿ ಮಾಡಿರುತ್ತಾರೆ. ಬೆಂಕಿ ತಾಗುವ ತಲೆಯ ಭಾಗವೂ ತುಸು ಕಿರಿದೇ. ಹಿಗ್ಗು, ಸವೆತಗಳು ಕಡಿಮೆಯಾಗಲೆಂದು ಅಲ್ಯೂಮಿನಿಯಮ್ಮಿಗೆ ಸಾಮಾನ್ಯವಾಗಿ ಶೇಕಡಾ 12ರ ಸುಮಾರು ಸಿಲಿಕಾನ್ ಬೆರೆಸುತ್ತಾರೆ. ಕಳಪೆ ಮಾಲಿನಲ್ಲಿ ತಪ್ಪಿಹೋಗುವುದು ಕಣ್ಣಿಗೆ ಕಾಣದ ಈ ಅಂಶಗಳೇ. ಬೆಳ್ಳಗಿರುವುದೆಲ್ಲ ಹಾಲಲ್ಲ, ಇಂಜಿನ್ ಕಾದು ಪಿಸ್ಟನ್ ಕಚ್ಚಿಕೊಂಡು, ಸಿಲಿಂಡರಿಗೆ ಗೀರು ಬಿದ್ದಾಗಲೇ ವ್ಯತ್ಯಾಸ ತಿಳಿಯುವುದು.

ಹಾಗಾದರೆ ಬದಲಿ ಮಾಲೆಲ್ಲ ಸುಳ್ಳೇ? ಅಲ್ಲ. ಎಷ್ಟೋ ಇಂಜಿನ್ ಕಂಪನಿಗಳು ಪಿಸ್ಟನ್ನನ್ನು ತಾವೇ ಮಾಡದೆ ಬೇರೆ ಕಾರ್ಖಾನೆಯಿಂದ ಕೊಳ್ಳುತ್ತವೆ. ಅಂಥ ಕಾರ್ಖಾನೆ ತನ್ನದೇ ಹೆಸರಿನ ಡಬ್ಬಿಯಲ್ಲೂ ಮಾರುವುದುಂಟು. ಇನ್ನು ಸವೆದ ಸಿಲಿಂಡರಿಗೆ ಮೊದಲಿನ ಅಳತೆಯ ಪಿಸ್ಟನ್, ಅಸಲಿಯೇ ಆದರೂ, ಸಡಿಲ. ಬೋರಿಂಗ್ ಮಾಡಿಸಿ 0.25 ಅಥವಾ 0.50 ಮಿಲಿಮೀಟರ್ ದೊಡ್ಡದನ್ನು ಕೂಡಿಸಬೇಕು. ತನ್ನ ಹೆಸರು ಹೇಳಿಕೊಂಡು ಬರುವ ಬದಲಿ ವಸ್ತುವಿನಲ್ಲಿ ಮೋಸವಿಲ್ಲ. ಇನ್ನೊಬ್ಬರ ಹೆಸರು ಹೊತ್ತು ಬರುವುದೇ ಮೋಸ.

ಹೆಸರೆಂದರೆ ಕೊಟ್ಟ ಮಾತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1946ರಲ್ಲಿ ಇಲ್ಲಿ ಆಯಿಲ್ ಇಂಜಿನ್ನಿನ ಕಂಪನಿ ಸ್ಥಾಪಿಸಿತು. ಬಾವಿಯ ಮೇಲೆ ಇಂಜಿನ್ ಕೂಡಿಸುವ ರೈತ ಲೋಹ ಪರೀಕ್ಷಿಸಬಲ್ಲನೆ? ಅವನು ನಂಬುವುದು ಹೆಸರನ್ನು. ಆ ಹೆಸರನ್ನು ಕದ್ದವನು ಅವನ ಬೆಳೆಗೇ ಕೈ ಹಾಕಿದಂತೆ. 1999ರ ಟ್ರೇಡ್ ಮಾರ್ಕ್ ಕಾಯಿದೆ ಇದಕ್ಕೆ ಸೆರೆವಾಸ ವಿಧಿಸಿರುವುದು ಸುಮ್ಮನೆ ಅಲ್ಲ.

ಆದರೆ ತಪ್ಪು ಅಂಗಡಿಯವನದೊಂದೇ ಎಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ಕೈಯಲ್ಲಿ ದುಡ್ಡಿಲ್ಲದೆ, ತಿಳಿದೇ ಅಗ್ಗದ ಪಿಸ್ಟನ್ ಹಾಕಿಸುವ ರಿಕ್ಷಾದವನು ಯಾರನ್ನೂ ವಂಚಿಸಲಿಲ್ಲ. ಅದನ್ನೇ ಹಾಕಿಸಿ, ಮಾರುವಾಗ "ಕಂಪನಿ ಮಾಲು" ಎನ್ನುವ ನಮ್ಮ ಸ್ಕೂಟರ್ ಮಾಲಿಕ ವಂಚಿಸಿದ. ಲೋಕಲ್ ಕೊಂಡು ಆಫೀಸಿಗೆ ಅಸಲಿನ ಬಿಲ್ಲು ಕೊಡುವವರೂ ಅವನ ಸಾಲಿನವರೇ. ನಡುದಾರಿಯಲ್ಲಿ ಇಂಜಿನ್ ನಿಂತಾಗ ಅನುಭವಿಸುವವನು, ಏನೂ ಅರಿಯದೆ ನಂಬಿದವನು.

ಪರಸ್ಥಳದಲ್ಲಿ ನೆಲೆಸಿದ ನಾವೂ ಇಲ್ಲಿಯ ಅಳತೆಗೆ ಹೊಂದಿಕೊಂಡವರೇ ತಾನೇ? ನಮ್ಮ ಮಕ್ಕಳ ಕನ್ನಡದಲ್ಲಿ ಮರಾಠಿ ಬೆರೆತಿದೆಯೆಂದು ಅದು ನಕಲಿಯಾಗದು. ಹೊಂದಿಕೊಳ್ಳುವುದು ಬೇರೆ, ಇಲ್ಲದ್ದನ್ನು ಇದೆಯೆನ್ನುವುದು ಬೇರೆ. ಆದ್ದರಿಂದ ಗ್ಯಾರೇಜಿಗೆ ಹೋದಾಗ ಯಾವ ಮಾಲು ಹಾಕಿದರೆಂದು ಬಿಲ್ಲಿನಲ್ಲಿ ಬರೆಸೋಣ. ಗಾಡಿ ಮಾರುವಾಗ ಕೊಳ್ಳುವವನ ಕೈಗೆ ಆ ಬಿಲ್ಲನ್ನೂ ಕೊಡೋಣ.