ಐದು ಪರ್ಸೆಂಟಿನ ಹುಡುಗಿ

ಅಕ್ಕಿ ಆರಿಸುವಾಗ ಕಲ್ಲನ್ನು ಎಸೆಯುತ್ತೇವೆ, ನುಚ್ಚನ್ನು ಎಸೆಯುವುದಿಲ್ಲ. ಕಡುಬಿಗಾಗುತ್ತದೆಂದು ಬೇರೆ ಡಬ್ಬಿಗೆ ಹಾಕಿಡುತ್ತೇವೆ. ಅಡುಗೆಮನೆಯಲ್ಲಿದ್ದ ಈ ವಿವೇಕ ಪಾಠ ಹೇಳುವ ಕೆಲಸದಲ್ಲಿ ನನಗೆ ಯಾಕೆ ಬರಲಿಲ್ಲ ಎಂದು ನಿವೃತ್ತಳಾದ ಮೇಲೆ ಯೋಚಿಸುತ್ತೇನೆ.

ಆಲೂರು ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನಿದ್ದೆ. ಖಾಸಗಿ ಶಾಲೆಗಳ ಹಳದಿ ವ್ಯಾನುಗಳು ನಮ್ಮ ಗೇಟಿನ ಮುಂದೆಯೇ ಹಾದುಹೋಗುತ್ತಿದ್ದವು. ನಮ್ಮಲ್ಲಿಗೆ ಬರುತ್ತಿದ್ದವರು ಕಾಫಿ ತೋಟದ ಲೈನ್ ಮನೆಗಳ ಮಕ್ಕಳು, ತುಂಡು ಗದ್ದೆಯವರ ಮಕ್ಕಳು. ಬಿಸಿಯೂಟವಿತ್ತು, 2006-07ರಲ್ಲಿ ಶುರುವಾದ ಸೈಕಲ್ಲೂ ಇತ್ತು. ಆದರೂ ದಾಖಲಾತಿ ಇಳಿಯುತ್ತಲೇ ಹೋಯಿತು. ಆ ವರ್ಷ ಹತ್ತನೇ ತರಗತಿಯಲ್ಲಿ 20 ಮಕ್ಕಳು. ನೂರು ಮಕ್ಕಳಿರುವಲ್ಲಿ ಒಬ್ಬ ನಪಾಸಾದರೂ 99 ಬರುತ್ತದೆ. ನಮ್ಮಲ್ಲಿ ಒಂದು ಮಗುವೆಂದರೆ ಐದು ಪರ್ಸೆಂಟು. ಮಕ್ಕಳು ಕಡಿಮೆಯಾದಷ್ಟೂ ಒಂದೊಂದು ಮಗುವೂ ಭಾರ.

ಆ ಹುಡುಗಿ ಡಿಸೆಂಬರಿನಿಂದ ಸರಿಯಾಗಿ ಬರಲಿಲ್ಲ. ಕಾಫಿ ಕುಯ್ಲು. ಕೆ.ಜಿ. ಲೆಕ್ಕದ ಕೂಲಿ, ಮನೆಯಲ್ಲಿ ಎಷ್ಟು ಕೈ ದುಡಿದರೆ ಅಷ್ಟು ದುಡ್ಡು. ಎಸ್ಸೆಸ್ಸೆಲ್ಸಿಗೆ ಓದುವ ತಿಂಗಳುಗಳೂ ಹಣ್ಣು ಕುಯ್ಯುವ ತಿಂಗಳುಗಳೂ ನಮ್ಮ ಕಡೆ ಒಂದೇ. ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು, ಅವಳಿಗಿರಲಿಲ್ಲ. ಗಣಿತದಲ್ಲಿ ಪಾಸಾಗುವ ಭರವಸೆಯೂ ಇರಲಿಲ್ಲ. ‘ನಿಯಮವೇ ಇದೆಯಲ್ಲ’ ಎಂದರು ಸಹೋದ್ಯೋಗಿಯೊಬ್ಬರು. ಹಾಜರಿ ಕೊರತೆಯೆಂದು ಬರೆದು ನಾನೇ ಸಹಿ ಹಾಕಿದೆ.

ಇಷ್ಟೇ ಆಗಿದ್ದರೆ ನಿಯಮದ ಮೇಲೆ ಭಾರ ಹಾಕಿ ನಿದ್ದೆ ಮಾಡಬಹುದಿತ್ತು. ಅದೇ ಹಾಜರಿ ಪುಸ್ತಕದಲ್ಲಿ, ಅಪ್ಪನ ಜೊತೆ ಶುಂಠಿ ಕೀಳಲು ಹೋಗಿ ಅವಳಷ್ಟೇ ದಿನ ತಪ್ಪಿಸಿಕೊಂಡಿದ್ದ ಹುಡುಗನೊಬ್ಬನಿದ್ದ. ಜಾಣ. ಅವನ ಹೆಸರಿನ ಮುಂದಿನ ಖಾಲಿ ಜಾಗಗಳನ್ನು ನಾನೇ ತುಂಬಿದೆ. ಪಾಪ, ಬಡವರ ಹುಡುಗ ಎಂದು ಮನಸ್ಸು ಎಷ್ಟು ಮೆತ್ತಗಾಗಿತ್ತು ಗೊತ್ತೇ! ನೀವೇ ಹೇಳಿ, ಅಂಕ ನೋಡಿಕೊಂಡು ಬರುವ ಕರುಣೆಯನ್ನು ಏನೆಂದು ಕರೆಯುವುದು?

ಬರೆದಿದ್ದರೆ ಅವಳು ನಪಾಸಾಗುತ್ತಿದ್ದಳೇನೋ. ಆದರೆ ನಪಾಸಾದವರಿಗೆ ಜೂನ್‌ನಲ್ಲಿ ಪೂರಕ ಪರೀಕ್ಷೆಯಿತ್ತು. ಕೂರಿಸದೇ ಬಿಟ್ಟವಳಿಗೆ ಅದೂ ಇಲ್ಲ. ‘ಮುಂದಿನ ವರ್ಷ ಬಾ’ ಎಂದೆವು. ಬರಲಿಲ್ಲ. ನಮ್ಮ ಶಾಲೆಗೆ ನೂರಕ್ಕೆ ನೂರು ಬಂತು, ನಮಗೆಲ್ಲ ಶಾಲು ಹೊದಿಸಿದರು. ಆ ಶಾಲು ಬೀರುವಿನಲ್ಲಿದೆ, ಒಮ್ಮೆಯೂ ಹೊದೆಯಲಿಲ್ಲ.

2019ರಲ್ಲಿ ಹಾಸನ ಜಿಲ್ಲೆ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂದಾಗ ನಾನೂ ಸಿಹಿ ಹಂಚಿದೆ. ದುಡಿದವರ ದುಡಿಮೆ ಸುಳ್ಳಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳ ಕ್ಯಾಮರಾಗಳನ್ನು ದೂರದಿಂದಲೇ ನೋಡುವ ವ್ಯವಸ್ಥೆ ಬಂದು, ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ, ಕೃಪಾಂಕ ಸೇರಿಸಿಯೂ, 73.40ಕ್ಕೆ ಇಳಿಯಿತು. ಎಲ್ಲರೂ ನಕಲಿನ ಮಾತಾಡಿದರು. ನನಗೆ ನೆನಪಾದದ್ದು ಕೊಠಡಿಯೊಳಕ್ಕೇ ಬಾರದಿದ್ದವಳು. ಪಾಸಾದವರ ಲೆಕ್ಕದಲ್ಲೂ ಅವಳಿಲ್ಲ, ನಪಾಸಾದವರ ಲೆಕ್ಕದಲ್ಲೂ ಇಲ್ಲ.

ಅವಳ ತಾಯಿಯನ್ನು ನಾನು ಕಂಡದ್ದು ಶಾಲು ಹೊದಿಸಿದ ಆ ವರ್ಷದ ಜೂನ್‌ನಲ್ಲಿ, ಎಂಟನೇ ತರಗತಿಗೆ ಮಕ್ಕಳನ್ನು ಕರೆಯಲು ಲೈನ್ ಮನೆಗಳಿಗೆ ಹೋದಾಗ. ಬೆಲ್ಲದ ಕಾಫಿ ಕೊಟ್ಟರು. ಚಿಕ್ಕ ಮಗಳನ್ನು ನಮ್ಮಲ್ಲಿಗೇ ಕಳಿಸಿ ಎಂದೆ.

‘ಕಳಿಸ್ತೀನಿ ಮೇಡಮ್ಮಾರೆ. ಇವಳನ್ನಾದ್ರೂ ಪರೀಕ್ಷೆಗೆ ಕೂರುಸ್ತೀರಾ?’

ಕೂರಿಸುತ್ತೇನೆ ಎಂದೆ. ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ ನನಗೆ ಬೇರೆ ತಾಲ್ಲೂಕಿಗೆ ವರ್ಗವಾಯಿತು.