ಕಂಬ ನೆಟ್ಟವನು, ಮೀನು ಕೊಟ್ಟವನು

ಬಾಳೆಹೊನ್ನೂರಿನ ಕಡೆಯ ಶಾಲೆ ಮಕ್ಕಳು ಸಮುದ್ರ ನೋಡಬೇಕಾದರೆ ಕೊಪ್ಪ ದಾಟಿ ಆಗುಂಬೆ ಘಾಟಿ ಇಳಿಯಬೇಕು. ಅಂಥದೊಂದು ಪ್ರವಾಸದ ಬಸ್ಸಿನಲ್ಲಿ ಮೇಷ್ಟ್ರ ಜೊತೆ ನಾವೂ ಹೋಗಿದ್ದೆವು. ಮಲ್ಪೆಯಲ್ಲಿ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದೆವು. ಅಲ್ಲಿನ ಕಂಬದಂಥ ಕಲ್ಲುಗಳ ಮೇಲೆ ಮಕ್ಕಳನ್ನು ಕೂರಿಸಿ ಮೇಷ್ಟ್ರು ಪಾಠ ಮಾಡಿದರು: "ವಾಸ್ಕೋ ಡ ಗಾಮ 1498ರಲ್ಲಿ ಭಾರತದಲ್ಲಿ ಮೊದಲು ಕಾಲಿಟ್ಟದ್ದು ಇಲ್ಲೇ. ಇಲ್ಲಿ ಶಿಲುಬೆ ನೆಟ್ಟು, ಮೇರಿಯಮ್ಮನ ಹೆಸರಿಟ್ಟು, ಆಮೇಲೆ ಕಲ್ಲಿಕೋಟೆಗೆ ಹೋದ."

ಲೈನುಮನೆಯಿಂದ ಬಂದಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. "ಅವನು ಬರೋ ಮುಂಚೆ ಇದಕ್ಕೆ ಏನಂತಿದ್ರು ಸಾರ್?"

ಮೇಷ್ಟ್ರು ನಮ್ಮ ಮುಖ ನೋಡಿದರು. ನಾವು ಸಮುದ್ರ ನೋಡಿದೆವು. ಪದವಿ ಪಡೆದವರು, ಪದ್ಯ ಬರೆಯುವವರು, ವೇದಿಕೆ ಮೇಲೆ ಇತಿಹಾಸವನ್ನು ಬುಡಮೇಲು ಮಾಡುವ ಮಾತಾಡುವವರು ನಾವು. ಅವತ್ತು ನಮ್ಮ ಬಾಯಲ್ಲಿ ಉತ್ತರ ಇರಲಿಲ್ಲ. ಈ ಬರಹ ಆ ಹುಡುಗಿಗೆ ನಾವು ಕೊಡಬೇಕಾಗಿದ್ದ ಸಾಲ.

ಮೊದಲು ಐತಿಹ್ಯವನ್ನು ತೂಗೋಣ. ಗಾಮನ ಹಡಗಿನಲ್ಲಿದ್ದವನೊಬ್ಬ ಬರೆದಿಟ್ಟ ದಿನಚರಿ ಉಳಿದಿದೆ. ಅದರ ಪ್ರಕಾರ ಅವರು ಕಲ್ಲಿಕೋಟೆಯ ಹತ್ತಿರ ಲಂಗರು ಹಾಕಿದ್ದು 1498ರ ಮೇ 20ಕ್ಕೆ. ಅಲ್ಲಿ ಮೂರು ತಿಂಗಳು ಇದ್ದು, ಸಾಮೂದಿರಿಯ ಜೊತೆ ಮನಸ್ತಾಪ ಮಾಡಿಕೊಂಡು, ಆಗಸ್ಟ್ ಕೊನೆಗೆ ಹೊರಟರು. ತಿರುಗಿ ಹೋಗುವ ದಾರಿಯಲ್ಲಿ, ಸೆಪ್ಟೆಂಬರ್ 15ರಂದು, ದಡಕ್ಕೆ ಹತ್ತಿರದ ಸಣ್ಣ ದ್ವೀಪಗಳ ಗುಂಪು ಸಿಕ್ಕಿತು. ಒಂದರ ಮೇಲೆ ಕಲ್ಲಿನ ಕಂಬ ನೆಟ್ಟು ಸಾಂತಾ ಮಾರಿಯಾ ಎಂದು ಕರೆದರು. ಪೋರ್ಚುಗಲ್ಲಿನ ರಾಜ ಮೂರು ಕಂಬ ಕೊಟ್ಟು ಕಳಿಸಿದ್ದ. ಒಂದು ಆಫ್ರಿಕಾದ ನದಿಯ ಬಾಯಲ್ಲಿ ಮುಗಿದಿತ್ತು, ಇನ್ನೊಂದು ಕಲ್ಲಿಕೋಟೆಯಲ್ಲಿ. ಇದು ಉಳಿದಿದ್ದ ಮೂರನೆಯದು.

ಅಂದರೆ ಮಲ್ಪೆಯ ದ್ವೀಪ ಗಾಮ ಬಂದ ಜಾಗವಲ್ಲ, ಹೋದ ಜಾಗ. ಮೊದಲ ಹೆಜ್ಜೆಯಲ್ಲ, ಕೊನೆಯ ಕಂಬ. ಆ ಕಂಬವೂ ಇವತ್ತು ಅಲ್ಲಿಲ್ಲ. ಇರುವುದು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಈ ನೆಲದಿಂದ ಕಳಚಿಕೊಂಡ ಕಾಲದಲ್ಲಿ, ಬೆಂಕಿ ಆರಿ ಗಟ್ಟಿಯಾದ ಕಲ್ಲು. ಅದಕ್ಕೆ ಯಾವ ರಾಜನೂ ಗೊತ್ತಿಲ್ಲ.

ಐತಿಹ್ಯ ಬಿತ್ತು. ಇಷ್ಟಕ್ಕೇ ಚಪ್ಪಾಳೆ ತಟ್ಟಿ ಎದ್ದು ಹೋಗುವುದು ಪಂಡಿತರ ಕೆಲಸ. ನಮಗೆ ಕೆಲಸ ಇಲ್ಲಿಂದ ಶುರು.

ಯಾಕೆಂದರೆ ಅದೇ ದಿನಚರಿಯಲ್ಲಿ ಇನ್ನೊಂದು ವಿಷಯ ಇದೆ. ಕಂಬ ನೆಡುವ ಮುಂಚೆ ದಡದಿಂದ ಜನ ದೋಣಿಗಳಲ್ಲಿ ಮೀನು ತಂದರು. ಗಾಮ ಅವರಿಗೆ ಅಂಗಿಗಳನ್ನು ಕೊಟ್ಟ. ಇಲ್ಲೊಂದು ಕಂಬ ನೆಟ್ಟರೆ ನಿಮಗೆ ಸಂತೋಷವೇ ಎಂದು ಕೇಳಿದ. ಬಹಳ ಸಂತೋಷ, ಅದರಿಂದ ನೀವೂ ನಮ್ಮಂತೆ ಕ್ರೈಸ್ತರು ಎಂಬುದು ಖಾತ್ರಿಯಾಗುತ್ತದೆ ಎಂದು ಅವರು ಹೇಳಿದರಂತೆ.

ಗೆಳೆಯರೆ, ಇಲ್ಲಿ ನಿಲ್ಲಿ. ದಿನಚರಿ ಸತ್ಯವಾದ ದಾಖಲೆ ಎಂದು ಈಗಷ್ಟೇ ಒಪ್ಪಿಕೊಂಡೆವು. ಆದರೆ ಆ ದಡದ ಮೀನುಗಾರರು ನಾವೂ ಕ್ರೈಸ್ತರು ಎಂದು ಹೇಳಿದರೆಂಬುದನ್ನು ನಂಬೋಣವೇ? ಇವರು ಕಲ್ಲಿಕೋಟೆಯಲ್ಲಿ ದೇವಸ್ಥಾನವನ್ನೇ ಇಗರ್ಜಿ ಎಂದು ತಿಳಿದು ಮೊಣಕಾಲೂರಿ ಬಂದವರು. ಎದುರಿಗಿರುವವನ ಮಾತು ಅರ್ಥವಾಗದಿದ್ದಾಗ ತಮಗೆ ಬೇಕಾದ ಮಾತನ್ನು ಅವನ ಬಾಯಿಗೆ ತುರುಕಿದರು. ತಾರೀಖು ನಿಜ, ಕಂಬ ನಿಜ, ಮೀನು ನಿಜ. ಒಪ್ಪಿಗೆ ಮಾತ್ರ ಬರೆದವನದು. ಐತಿಹ್ಯದೊಳಗೆ ಸುಳ್ಳಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ದಾಖಲೆಯೊಳಗೂ ಐತಿಹ್ಯ ಇರುತ್ತದೆ ಎಂಬುದು ಹೊಲ ಕಳಕೊಂಡವನಿಗೆ ಗೊತ್ತು. ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಸ್ವಸಂತೋಷದಿಂದ ಬರೆದುಕೊಟ್ಟೆ ಎಂದು ಯಾರ ಕೈ ಬರೆಯುತ್ತದೆ ಎಂಬುದನ್ನು ನಮ್ಮ ಅಪ್ಪಂದಿರನ್ನು ಕೇಳಿ.

ಆ ಸಂತೋಷ ಎಷ್ಟು ದಿನ ಬಾಳಿತು? 1502ರಲ್ಲಿ ಅದೇ ಗಾಮ ಮತ್ತೆ ಬಂದ. ಹಜ್ ಮುಗಿಸಿ ಮರಳುತ್ತಿದ್ದವರ ಹಡಗನ್ನು ಹೆಂಗಸರ ಸಮೇತ ಸುಟ್ಟ. ಭಟ್ಕಳದ ಮೇಲೆ ಅಕ್ಕಿಯ ಕಪ್ಪ ಹೇರಿದ.

ಇನ್ನು ಮೊದಲ ಹೆಜ್ಜೆಯ ವಿಚಾರ. ಕೇರಳದ ಕಾಪ್ಪಾಡ್ ಕಡಲತೀರದಲ್ಲಿ ಗಾಮ ಇಳಿದದ್ದು ಇಲ್ಲೇ ಎಂದು ಹೇಳುವ ಕಲ್ಲಿದೆ. ಅಲ್ಲ, ಪಂದಲಾಯನಿಯಲ್ಲಿ ಎಂದು ಚರಿತ್ರೆಕಾರ ಎಂ.ಜಿ.ಎಸ್. ನಾರಾಯಣನ್ ವಾದಿಸಿದರು. ಆದರೆ ದಿನಚರಿ ಹೇಳುವ ಇನ್ನೊಂದು ಮಾತಿಗೆ ಯಾವ ಕಲ್ಲೂ ಇಲ್ಲ. ಗಾಮ ನೆಲಕ್ಕೆ ಇಳಿದದ್ದು ಮೇ 28ಕ್ಕೆ. ಅದಕ್ಕೂ ಒಂದು ವಾರ ಮುಂಚೆ ಅವನು ಬೇರೆಯವನೊಬ್ಬನನ್ನು ಕಲ್ಲಿಕೋಟೆಗೆ ಕಳಿಸಿದ್ದ. ಯಾರನ್ನು? ಹಡಗಿನಲ್ಲಿದ್ದ ಶಿಕ್ಷೆಗೊಳಗಾದ ಕೈದಿಗಳಲ್ಲಿ ಒಬ್ಬನನ್ನು. ಗೊತ್ತಿಲ್ಲದ ನೆಲ, ಬಂದವನನ್ನು ಕಡಿಯುತ್ತಾರೋ ಕೂರಿಸುತ್ತಾರೋ ಗೊತ್ತಿಲ್ಲ. ಸತ್ತರೆ ನಷ್ಟವಿಲ್ಲದ ಜೀವವನ್ನು ಮುಂದೆ ಬಿಡು. ಬಾವಿಗೆ ಮೊದಲು ಇಳಿಸುವುದು ಯಾರನ್ನು, ಗುಂಡಿಗೆ ಮೊದಲು ಇಳಿಸುವುದು ಯಾರನ್ನು ಎಂಬುದು ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಹೆಜ್ಜೆ ಕೈದಿಯದು. ಕಲ್ಲು ಕಪ್ತಾನನದು.

ಇದೆಲ್ಲ ಕಡಲತೀರದ ಕತೆ, ಘಟ್ಟದ ಮೇಲಿನ ನಮಗೇನು ಎನ್ನಬೇಡಿ. ಮಲೆನಾಡಿಗೂ ಬಂದಿಳಿದವರ ಕತೆಗಳಿವೆ. ಬಾಬಾಬುಡನ್ ಎಂಬ ಫಕೀರರು ಯೆಮೆನ್‌ನಿಂದ ಏಳು ಕಾಫಿಬೀಜ ಬಚ್ಚಿಟ್ಟುಕೊಂಡು ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಎಂಬುದು ನಮಗೆಲ್ಲ ಇಷ್ಟವಾದ ಕತೆ. ದೊರೆಯಲ್ಲ, ಫಕೀರ ತಂದ ಎಂಬುದಕ್ಕೇ ಇಷ್ಟ. ಆದರೂ ಅದು ಐತಿಹ್ಯ ಎಂದೇ ನಾವು ಹೇಳಬೇಕು. 1830ರ ಸುಮಾರಿಗೆ ಆ ಬೆಟ್ಟದ ಬುಡದಲ್ಲಿ ಕ್ಯಾನನ್ ಎಂಬ ದೊರೆ ತೋಟ ಮಾಡಿದ್ದು ಚರಿತ್ರೆ. 1925ರಲ್ಲಿ ಮೈಸೂರು ಸರ್ಕಾರ ನಮ್ಮ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ತೆರೆದದ್ದು ಚರಿತ್ರೆ. ಅಲ್ಲಿಂದ ಬಂದ ಎಸ್.795 ತಳಿಯ ತಂದೆತಾಯಿ ಯಾರೆಂದು ಕೇಳಿದರೆ ಉತ್ತರ ಸಿಗುತ್ತದೆ: ಒಂದು ಕಡೆ ಎಸ್.288, ಇನ್ನೊಂದು ಕಡೆ ಕೆಂಟ್. ಕೆಂಟ್ ಎಂಬುದೂ ಒಬ್ಬ ತೋಟದ ದೊರೆಯ ಹೆಸರೇ. ಗಿಡಕ್ಕೆ ವಂಶಾವಳಿ ಇದೆ, ದೊರೆಗೆ ಗಿಡದಲ್ಲೂ ಹೆಸರಿದೆ. ಆ ಗಿಡಕ್ಕೆ ಗುಂಡಿ ತೋಡಿದವರು, ಚಿಗುರು ತೆಗೆದವರು, ಹಣ್ಣು ಕುಯ್ದವರು? ಘಟ್ಟದ ಕೆಳಗಿನಿಂದ ಮೇಸ್ತ್ರಿಯ ಮುಂಗಡ ಪಡೆದು ನಡೆದೇ ಹತ್ತಿ ಬಂದವರು? ಮುಂಗಡ ತಗೊಂಡು ಕೆಲಸ ಬಿಟ್ಟವನನ್ನು ಜೈಲಿಗೆ ಹಾಕಲು ಬ್ರಿಟಿಷರು 1859ರಲ್ಲೇ ಕಾಯಿದೆ ಮಾಡಿದ್ದರು. ಕಾಯಿದೆಗೆ ನಂಬರು ಇದೆ: 13. ಅದಕ್ಕೆ ಸಿಕ್ಕಿದವರು ಘಟ್ಟ ಹತ್ತಿ ಮೊದಲು ಕಾಲಿಟ್ಟ ಜಾಗ ಯಾವುದೆಂದು ಯಾರೂ ಕಲ್ಲು ನೆಡಲಿಲ್ಲ.

ಈಗ ನಮ್ಮದೇ ತಪ್ಪನ್ನು ಹೇಳಿಕೊಳ್ಳಬೇಕು.

ನಮ್ಮ ಕೇರಿಯಲ್ಲಿ ಒಂದು ಕತೆ ಇದೆ. ಬಿಳಿ ದೊರೆ ಕಾಡು ಕಡಿಸಲು ಬಂದಾಗ ಭದ್ರೆ ತುಂಬಿ ಹರಿಯುತ್ತಿದ್ದಳಂತೆ. ನಮ್ಮ ಮುತ್ತಜ್ಜನೊಬ್ಬ ಅವನನ್ನು ಹೆಗಲ ಮೇಲೆ ಹೊತ್ತು ಹೊಳೆಗಿಳಿದನಂತೆ. ನಡುಹೊಳೆಯಲ್ಲಿ ನಿಂತು, "ಊರವರು ನನ್ನ ನೆರಳೂ ಮುಟ್ಟಲ್ಲ. ನೀನು ನನ್ನ ಹೆಗಲ ಮೇಲಿದ್ದೀಯ. ಹೇಳು, ಈ ಕಾಡು ಯಾರದು?" ಎಂದು ಕೇಳಿದನಂತೆ. "ನಿಂದೇ ಮಾರಾಯ, ದಡ ಮುಟ್ಟಿಸು" ಅಂದನಂತೆ ದೊರೆ. ದಡ ಮುಟ್ಟಿದ ಮೇಲೆ ಕಾಡು ದೊರೆಯದಾಯಿತು.

ನಾವು ಇದನ್ನು ಪದ್ಯ ಮಾಡಿದೆವು. ಪದ್ಯದಲ್ಲಿ ಮುತ್ತಜ್ಜ ದೊರೆಯನ್ನು ಹೊಳೆಗೆ ಎಸೆಯುತ್ತಾನೆ. ವೇದಿಕೆ ಮೇಲೆ ಓದಿದಾಗ ಜನ ಎದ್ದು ಚಪ್ಪಾಳೆ ಹೊಡೆದರು. ಕತೆ ಹೇಳಿದ್ದ ಅಜ್ಜಿಗೂ ಓದಿ ಹೇಳಿದೆವು. ಅಜ್ಜಿ ಎಲೆ ಅಡಿಕೆ ಜಗಿಯುತ್ತಾ ಪೂರ್ತಿ ಕೇಳಿದಳು. ಆಮೇಲೆ ಕೇಳಿದಳು: "ಆವತ್ತೇ ಮುಳುಗಿಸಿದ್ರೆ ನಾವ್ಯಾಕ್ ಇನ್ನೂ ಲೈನಲ್ಲಿದ್ದೀವಿ ಮಗಾ?"

ಆ ಪ್ರಶ್ನೆ ನಮ್ಮ ಪದ್ಯದ ಬುಡಕ್ಕೇ ಕೊಡಲಿ ಹಾಕಿತು. ಅಜ್ಜಿಯ ಕತೆಯೂ ಸಾಬೀತಾದ ಸಂಗತಿಯಲ್ಲ, ಆದರೆ ಅದರಲ್ಲಿ ಬಾಕಿ ಇತ್ತು: ಹೊತ್ತವನಿಗೆ ಮಾತು ಕೊಟ್ಟು ತಪ್ಪಿದ ಲೆಕ್ಕ ಇತ್ತು. ನಾವು ಅದನ್ನು ಗೆಲುವು ಮಾಡಿ, ಬಾಕಿಯನ್ನೇ ವಜಾ ಮಾಡಿಬಿಟ್ಟಿದ್ದೆವು. ಸುಳ್ಳು ಗೆಲುವು ಹೇಳಿಕೊಂಡವನು ಲೆಕ್ಕ ಕೇಳುವ ಹಕ್ಕು ಕಳಕೊಳ್ಳುತ್ತಾನೆ. ದೊರೆ ಮೀನುಗಾರರ ಬಾಯಿಗೆ ತನ್ನ ಮಾತು ತುರುಕಿದ. ನಾವು ಮುತ್ತಜ್ಜನ ಬಾಯಿಗೆ ನಮ್ಮ ಮಾತು ತುರುಕಿದೆವು. ವ್ಯತ್ಯಾಸ ಏನು ಉಳಿಯಿತು?

"ನಮ್ಮವರ ಹತ್ರ ಕಾಗದ ಇಲ್ಲ, ಇರೋದು ಕತೆ ಒಂದೇ. ಅದನ್ನೂ ಕಿತ್ತುಕೊಳ್ತೀರಾ?" ಎಂದು ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬಾಬಾಸಾಹೇಬರ ಮುಂದೆಯೂ ಇದು ಇತ್ತು. ಅಸ್ಪೃಶ್ಯರ ಮೂಲ ಹುಡುಕಿ 1948ರಲ್ಲಿ ಬರೆದ ಪುಸ್ತಕದ ಮುನ್ನುಡಿಯಲ್ಲಿ ಅವರು ಇದನ್ನು ಎದುರಿಸಿದ್ದಾರೆ. ಕೊಂಡಿ ಕಳಚಿದ ಕಡೆ ಊಹೆ ಮಾಡಲೇಬೇಕಾಗುತ್ತದೆ ಎಂದು ವಾದಿಸಿದರು, ಊಹೆಯನ್ನು ಊಹೆಯೆಂದೇ ಓದುಗರ ಮುಂದಿಟ್ಟರು. ಬರೆದವರೆಲ್ಲ ಎದುರಾಳಿಗಳೇ ಆಗಿದ್ದ ಕಾಲದಲ್ಲೂ ಅವರು ಪುರಾವೆಯ ದಾರಿ ಬಿಡಲಿಲ್ಲ. ನಾವು ಬಿಡಲು ಯಾವ ನೆಪ ಇದೆ?

ಸತ್ಯ ತೂಗಿದರೆ ನಮ್ಮ ಕತೆ ಕಿರಿದಾಗುತ್ತದೆ ಎಂಬ ಹೆದರಿಕೆಯೂ ಸರಿಯಲ್ಲ. ಉಳ್ಳಾಲದ ರಾಣಿ ಅಬ್ಬಕ್ಕನನ್ನೇ ನೋಡಿ. 16ನೇ ಶತಮಾನದಲ್ಲಿ ಪೋರ್ಚುಗೀಸರ ವಿರುದ್ಧ ಹೋರಾಡಿದ ಒಬ್ಬಳೇ ವೀರರಾಣಿ ಎಂದು ಜನ ಹಾಡುತ್ತಾರೆ. ಆದರೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡದ್ದು 1623ರಲ್ಲಿ. ಆಕೆ ಬರಿಗಾಲಲ್ಲಿ ಕಾಲುವೆ ಕೆಲಸ ನೋಡಲು ಹೊರಟಿದ್ದಳು. ಲೆಕ್ಕ ಹಾಕಿದರೆ ಇವಳೇ ಅವಳಾಗಲಾರಳು. ಒಬ್ಬಳಲ್ಲ, ಒಬ್ಬರಾದ ಮೇಲೊಬ್ಬರು. ಐತಿಹ್ಯ ಒಡೆಯಿತು, ಸಿಕ್ಕಿದ್ದೇನು? ಒಬ್ಬಳ ಒಂದು ದಿನದ ಶೌರ್ಯವಲ್ಲ, ತಲೆಮಾರುಗಳ ಪ್ರತಿರೋಧ. ಜೊತೆಗೆ ನೀರಿನ ಕಾಲುವೆ ನೋಡಲು ನಡೆದುಹೋಗುವ ರಾಣಿ. ಸತ್ಯ ನಮ್ಮನ್ನು ಬಡವರನ್ನಾಗಿ ಮಾಡಲಿಲ್ಲ.

ಹಾಗಾಗಿ ಹಳ್ಳಿಯ ಮೇಷ್ಟ್ರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ಒಂದು ಕೋರಿಕೆ. ಕೇರಿಯ ಹಿರಿಯರ ಮಾತನ್ನು ಬರೆದುಕೊಳ್ಳಿ. ಯಾರು ಹೇಳಿದರು, ಯಾವತ್ತು ಹೇಳಿದರು ಎಂದು ಮೇಲೆ ಬರೆಯಿರಿ. ಕಂಡದ್ದು, ಕೇಳಿದ್ದು, ಊಹಿಸಿದ್ದು ಎಂದು ಮೂರು ಮನೆ ಮಾಡಿ. ಕೇಳಿದ್ದನ್ನು ಕಂಡದ್ದರ ಮನೆಗೆ ಸೇರಿಸಬೇಡಿ. ನಿಮಗೆ ಹಿಡಿಸದ ಕೊನೆಯ ಸಾಲನ್ನು ಹೊಡೆದು ಹಾಕಬೇಡಿ. ನಾವು ಹೊಡೆದು ಹಾಕಿದ್ದೆವು. ಈಗ ನಮ್ಮ ಪದ್ಯಕ್ಕೆ ಅಜ್ಜಿಯ ಕೊನೆಯ ಸಾಲನ್ನು ಮತ್ತೆ ಸೇರಿಸಿದ್ದೇವೆ. ಚಪ್ಪಾಳೆ ಕಮ್ಮಿ ಬೀಳುತ್ತದೆ. ಓದಿ ಮುಗಿದ ಮೇಲೆ ಹತ್ತಿರ ಬಂದು ತಮ್ಮ ಅಜ್ಜಂದಿರ ವಿಷಯ ಹೇಳುವವರು ಜಾಸ್ತಿಯಾಗಿದ್ದಾರೆ.

ಮತ್ತೆ ಆ ಹುಡುಗಿಗೆ. ತಂಗೀ, ಆ ದ್ವೀಪಕ್ಕೆ ಸುತ್ತಲಿನ ಜನ ತೋನ್ಸೆಪಾರ್ ಎಂದೂ ಕರೆಯುತ್ತಾರೆ. ಪೋರ್ಚುಗೀಸರ ದಿನಚರಿಯಲ್ಲಿ ಆ ಹೆಸರು ಇಲ್ಲ. ಗಾಮ ಅಲ್ಲಿಗೆ ಮೊದಲು ಬಂದವನಲ್ಲ, ಹೋಗುವಾಗ ಬಂದವನು. ಅವನು ಬಂದಾಗ ಅಲ್ಲಿ ಜನ ಇದ್ದರು. ಅವರ ದೋಣಿಯಲ್ಲಿ ಮೀನಿತ್ತು, ಅವನ ಕೈಯಲ್ಲಿ ಕಂಬವಿತ್ತು. ಕಂಬದ ಹೆಸರನ್ನು ಬರೆದಿಟ್ಟರು, ಮೀನು ಕೊಟ್ಟವರ ಹೆಸರನ್ನು ಕೇಳಲಿಲ್ಲ. ನೀನು ಕೇಳಿದೆಯಲ್ಲ, ಆ ಪ್ರಶ್ನೆ ಬಿಡಬೇಡ. ಮುಂದಿನ ವರ್ಷ ಮೇಷ್ಟ್ರು ಅದೇ ಕಲ್ಲಿನ ಮೇಲೆ ಬೇರೆ ಮಕ್ಕಳನ್ನು ಕೂರಿಸಿದಾಗ ನಿನ್ನ ಪ್ರಶ್ನೆಯಿಂದಲೇ ಪಾಠ ಶುರು ಮಾಡುತ್ತೇವೆ ಎಂದು ನಮಗೆ ಮಾತು ಕೊಟ್ಟಿದ್ದಾರೆ.