ಕಬ್ಬಿಗೆ ಕಾಡಿಗೆ ಹಚ್ಚಿದವರು

ಈ ಸಲದ ಸಂಕ್ರಾಂತಿಯಂದು, ಚೀನೀ ಅಂಗಡಿಯಿಂದ ತಂದ ಕಬ್ಬಿನ ತುಂಡುಗಳನ್ನು ಎಳ್ಳುಬೆಲ್ಲದ ತಟ್ಟೆಗೆಂದು ನಾನು ಸುಲಿಯುತ್ತಿದ್ದಾಗ, ಅದೇ ಮೇಜಿನ ಮತ್ತೊಂದು ಬದಿಯಲ್ಲಿ ಕಾಲೇಜಿನ ಅರ್ಜಿಗಳನ್ನು ಹರವಿಕೊಂಡು ಕುಳಿತಿದ್ದ ಮಗಳು ತಲೆಯೆತ್ತಿ, "ಅಪ್ಪ, ಆವತ್ತು ತಾತ ಒಂದು ಕಬ್ಬನ್ನ ಸುಟ್ಟರಲ್ಲ, ಆ ಕಾಯಿಲೆ ಹೆಸರೇನು?" ಎಂದು ಕೇಳಿದಳು. ಹಬ್ಬದ ದಿನ ರೋಗದ ಮಾತೇಕೆಂದು ಅವಳ ತಾಯಿ ಹುಬ್ಬು ಗಂಟಿಕ್ಕಿದಳು. ನನಗಾದರೋ, ಬೆಳಗಿನಿಂದ ಯಾಂತ್ರಿಕವಾಗಿ ಸಾಗಿದ್ದ ಆ ಹಬ್ಬಕ್ಕೆ ಆಗ ತಾನೆ ಜೀವ ಬಂದಂತಾಯಿತು.

ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿರುವ ನಮ್ಮ ಗದ್ದೆಗೆ ಆಕೆ ತಾತನ ಬೆರಳು ಹಿಡಿದು ಹೋದಾಗ ಅವಳಿಗೆ ಎಂಟು ವರ್ಷ. ಒಂದು ಕಬ್ಬಿನ ಸುಳಿಯಿಂದ ಮೊಳದುದ್ದದ ಕರಿಯ ಚಾಟಿಯೊಂದು ಬಾಗಿ ಹೊರಟಿತ್ತು. ಅದರ ಮೇಲಿನ ಬೆಳ್ಳಿಯಂಥ ತೆಳುಪೊರೆ ಅಲ್ಲಲ್ಲಿ ಹರಿದು, ಮುಟ್ಟಿದ ಬೆರಳೆಲ್ಲ ಮಸಿಯಾಯಿತು. "ತಾತ, ಕಬ್ಬಿಗೆ ಕಾಡಿಗೆ ಹಚ್ಚಿದ್ದು ಯಾರು?" ನಮ್ಮ ತಂದೆ ನಗಲಿಲ್ಲ. ಗೊಬ್ಬರದ ಖಾಲಿ ಚೀಲವನ್ನು ಚಾಟಿಯ ಮೇಲೆ ಮೆಲ್ಲಗೆ ಕವುಚಿ, ಪುಡಿ ಹಾರದಂತೆ ಬಾಯಿ ಬಿಗಿಹಿಡಿದು, ಇಡೀ ಬುಡವನ್ನೇ ಕಿತ್ತು ಬದುವಿನಾಚೆ ಸುಟ್ಟರು. "ಗಾಳಿಗ್ ಬುಟ್ರೆ ಊರ್ನೋರ್ ಗದ್ದೆಗೆಲ್ಲ ಹತ್ಕತದೆ ಕಣವ್ವ" ಎಂದರು. ಆ ಕರಿಯ ಪುಡಿ ಒಂದು ಶಿಲೀಂಧ್ರದ ಬೀಜಕಣಗಳೆಂದೂ, ಅವು ಗಾಳಿಯಲ್ಲಿಯೂ ಬಿತ್ತನೆಯ ತುಂಡುಗಳಲ್ಲಿಯೂ ಪಯಣಿಸುವುವೆಂದೂ ಅವಳಿಗೆ ತಿಳಿದದ್ದು ಬಹಳ ತಡವಾಗಿ, ಇಲ್ಲಿ, ಒಂಟಾರಿಯೊದ ಶಾಲೆಯಲ್ಲಿ.

ಈಗ ಅವಳಿಗೆ ಜೀವವೈದ್ಯಕೀಯ ವಿಜ್ಞಾನವನ್ನು ಓದುವಾಸೆ. ಟೊರಾಂಟೊ, ಹ್ಯಾಮಿಲ್ಟನ್ನಿನ ಮ್ಯಾಕ್‌ಮಾಸ್ಟರ್, ಗ್ವೆಲ್ಫ್ ಎಂಬ ಮೂರು ಹೆಸರುಗಳು ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಊಟದ ಪದಾರ್ಥಗಳಂತಾಗಿವೆ. ಭಾನುವಾರ ಫೋನು ಮಾಡುವ ನನ್ನ ತಮ್ಮನದು ಒಂದೇ ಪ್ರಶ್ನೆ: "ಸೀಟಾಯ್ತಾ?" ಪಿಯುಸಿ, ನೀಟ್, ಅನಂತರ ನೇರವಾಗಿ ಎಂಬಿಬಿಎಸ್, ಅದೂ 2006ರಿಂದ ಮಂಡ್ಯದಲ್ಲಿಯೇ ವೈದ್ಯಕೀಯ ಕಾಲೇಜಿರುವಾಗ, ನಾಲ್ಕು ವರ್ಷ ಓದಿಯೂ ಡಾಕ್ಟರಾಗದ ಓದೊಂದುಂಟೆಂದರೆ ಅವನಿಗೆ ನಂಬಿಕೆಯಿಲ್ಲ. "ಮತ್ತೆ ಯಾತಕ್ಕಣ್ಣ ಅದು?" ಎನ್ನುತ್ತಾನೆ. ನಾನು ಅವನನ್ನು ತಿದ್ದುತ್ತೇನೆ. ಆದರೆ ಅದೇ ಪ್ರಶ್ನೆ ನನ್ನ ಮನಸ್ಸಿನ ಮೂಲೆಯಲ್ಲಿಯೂ ಕುಳಿತಿದೆಯೆಂಬುದನ್ನು ಅವನಿಗೆ ಹೇಳಿಲ್ಲ.

ಟೊರಾಂಟೊದ ಕೀರ್ತಿ ದೊಡ್ಡದು, ಆದರೆ ಮೊದಲ ವರ್ಷದ ಪಾಠಕ್ಕೆ ಸಾವಿರಕ್ಕೂ ಮಿಕ್ಕಿ ಜನ ಕೂರುವ ಕಾನ್ವೊಕೇಷನ್ ಹಾಲಿನಲ್ಲಿ ಕಾಡಿಗೆಯ ಪ್ರಶ್ನೆ ಕೇಳುವ ಹುಡುಗಿಯ ಕಡೆ ಯಾರು ತಿರುಗಿಯಾರು ಎಂಬುದು ನನ್ನ ಶಂಕೆ. ಗ್ವೆಲ್ಫಿನ ಮೂಲವಾದರೋ 1874ರ ಕೃಷಿಶಾಲೆ. ಅಲ್ಲಿ ಮಣ್ಣಿನ ವಾಸನೆ ಇನ್ನೂ ಉಳಿದಿರಬಹುದೆಂದು ನನ್ನ ಪಕ್ಷಪಾತ. ಆಕೆ ಮಾತ್ರ ಟೊರಾಂಟೊದ ಪರವಾಗಿ ನಾನು ನಿರೀಕ್ಷಿಸದಿದ್ದ ಸಾಕ್ಷಿಯೊಬ್ಬರನ್ನು ತಂದು ನಿಲ್ಲಿಸಿದಳು. ಇದೇ ಒಂಟಾರಿಯೊದಲ್ಲಿ 1878ರಲ್ಲಿ ಹುಟ್ಟಿ, ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಓದಿ, 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದು, ಮಲೆನಾಡಿನ ಅಡಕೆಯ ಕೊಳೆರೋಗದ ಬೆನ್ನುಹತ್ತಿ ಬೋರ್ಡೋ ದ್ರಾವಣದ ಸಿಂಪರಣೆಯನ್ನು ಬೆಳೆಗಾರರಿಗೆ ಕಲಿಸಿ, ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಏಳಲು ಮುಖ್ಯ ಕಾರಣರಾದ ಲೆಸ್ಲಿ ಕೋಲ್ಮನ್ನರೇ ಆ ಸಾಕ್ಷಿ! ಮಂಡ್ಯದ ಸಕ್ಕರೆಯನ್ನುಂಡು ಬೆಳೆದ ನಾನು ಆ ಹೆಸರನ್ನು ಬಾಲ್ಯದಲ್ಲಿ ಕೇಳಿದ್ದೆ, ಅವರ ಊರು ನಮ್ಮ ಮನೆಯಿಂದ ಕೆಲವೇ ತಾಸುಗಳ ದಾರಿಯೊಳಗಿನದೆಂದು ಮಾತ್ರ ಅರಿತಿರಲಿಲ್ಲ.

ನಾವು, ಇಲ್ಲಿ ನೆಲೆಸಿದ ಕನ್ನಡಿಗ ತಂದೆತಾಯಿಗಳು, ಕಾಲೇಜುಗಳ ಶ್ರೇಯಾಂಕ, ಶುಲ್ಕ, ಹಾಸ್ಟೆಲ್ಲಿನ ದೂರ ಎಲ್ಲವನ್ನೂ ವಿಚಾರಿಸುತ್ತೇವೆ. ಮಗುವಿನ ಮನಸ್ಸಿನಲ್ಲಿ ಯಾವ ಪ್ರಶ್ನೆ ಎಂದು ಮೊಳೆಯಿತೆಂಬುದನ್ನೂ ಒಮ್ಮೆ ವಿಚಾರಿಸಬಾರದೆ? ಊರಿಗೆ ಹೋದಾಗ ಮಾಲುಗಳ ನಡುವೆ ಒಂದು ದಿನವನ್ನಾದರೂ ಗದ್ದೆಯ ಬದುವಿಗೆ ಮೀಸಲಿಡಬಾರದೆ? ಹೀಗೆ ಬರೆಯುತ್ತಿರುವ ನಾನೇ ತಂದೆ ತೀರಿಕೊಂಡ ಮೇಲೆ ಮಗಳನ್ನು ಆ ಗದ್ದೆಗೆ ಮತ್ತೆ ಕರೆದೊಯ್ದಿಲ್ಲ.

ಮ್ಯಾಕ್‌ಮಾಸ್ಟರಿನ ಆರೋಗ್ಯ ವಿಜ್ಞಾನ ಶಾಖೆಯವರು ಅಂಕಗಳೊಡನೆ ಬರಹದ ಉತ್ತರಗಳನ್ನೂ ಕೇಳುತ್ತಾರಷ್ಟೆ. ಅದಕ್ಕಾಗಿಯೇ ಮಗಳಿಗೆ ಆ ಕಾಯಿಲೆಯ ಹೆಸರು ಬೇಕಾಗಿತ್ತು. "ಕಾಡಿಗೆ ರೋಗ" ಎಂದೆ. ಇಂಗ್ಲಿಷಿನ ಸಾಲುಗಳ ನಡುವೆ, ಪೆನ್ಸಿಲಿನಲ್ಲಿ, ಕನ್ನಡದ ಅಕ್ಷರಗಳಲ್ಲಿಯೇ ಅದನ್ನು ಬರೆದು ನನ್ನ ಕಡೆಗೆ ತಿರುಗಿಸಿದಳು: "ಕಾದಿಗೆ." "ದ ಅಲ್ಲ ಮಗಳೆ, ಡ" ಎಂದು ತೋರಿಸಹೋದೆ. ಕಬ್ಬು ಸುಲಿದ ನನ್ನ ಬೆರಳಿನ ಅಂಟು ಕಾಗದದ ಅಂಚಿಗೆ ತಾಗಿತು; ಅವಳು ಅದನ್ನು ಒರೆಸಲಿಲ್ಲ, ಅಕ್ಷರವನ್ನು ಮಾತ್ರ ಅಳಿಸಿ ಮತ್ತೆ ಬರೆದಳು.